ಟೊರಾಂಟೊ ಕಾಶೀನಾಥ, ಮೆಲ್ಬೋರ್ನ್ ಮಡೆಪ್ಪ

ನಾನು ನಾಲ್ಕು ವರ್ಷ ಮೆಲ್ಬೋರ್ನಿನಲ್ಲಿದ್ದೆ. ಆ ನಾಲ್ಕು ವರ್ಷಗಳಲ್ಲಿ ಬೀದರಿನ ನೌಬಾದ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವನಲ್ಲ. ಬೆಳಗ್ಗೆ ಹತ್ತಕ್ಕೆ ಶಾಲೆಗೆ ಹೋಗಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಿದ್ದೆ, ಸಂಜೆ ಆರಕ್ಕೆ ಮೆಲ್ಬೋರ್ನಿಗೆ ಹೋಗುತ್ತಿದ್ದೆ, ಎಂಟಕ್ಕೆ ಊಟಕ್ಕೆ ಮನೆಗೆ ಬರುತ್ತಿದ್ದೆ. ಇದು ಹೇಗೆ ಸಾಧ್ಯ ಎಂದು ಕೇಳುವವರು ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಇಂಟರ್ನೆಟ್ಟು ಹೇಗಿತ್ತೆಂದು ತಿಳಿಯದವರು.

ಆಗ ಹಳೆಯ ಬಸ್‌ಸ್ಟ್ಯಾಂಡಿನ ಹತ್ತಿರ ಗುಲಾಮ ರಸೂಲನ ಸೈಬರ್ ಅಂಗಡಿಯಿತ್ತು. ಎರಡು ಕಂಪ್ಯೂಟರು, ನಡುವೆ ಒಂದು ಪ್ಲೈವುಡ್ ಹಲಗೆ, ಎರಡಕ್ಕೂ ಹೂವಿನ ಪರದೆ, ಎರಡಕ್ಕೂ ಸೇರಿ ಒಂದೇ ಫೋನ್ ಲೈನು. ಪರದೆಯೊಳಗೆ ಕೂತವರು ಏನು ಓದುತ್ತಾರೆಂದು ನೋಡುವುದು ಅಸಭ್ಯತೆ ಎಂದು ರಸೂಲ ತಿಳಿದಿದ್ದ, ನಾವೂ ಹಾಗೇ ತಿಳಿದಿದ್ದೆವು. ಫೋನ್ ಲೈನು ಇಂಟರ್ನೆಟ್ಟಿಗೆ ಸೇರುವಾಗ ಹಿಟ್ಟಿನ ಗಿರಣಿಯ ಪಟ್ಟಿ ಕಳಚಿದಂಥ ಸದ್ದಾಗುತ್ತಿತ್ತು. ಸೇರಿದ ಮೇಲೂ ಭರವಸೆಯಿರಲಿಲ್ಲ. ಕೊತ್ತಂಬರಿ ತರಲು ಹೇಳುವುದಕ್ಕೆಂದು ರಸೂಲನ ಹೆಂಡತಿ ಅದೇ ನಂಬರಿಗೆ ಫೋನ್ ಮಾಡಿದರೆ ಇಡೀ ಪ್ರಪಂಚ ಕಡಿದುಹೋಗುತ್ತಿತ್ತು.

ಆ ಪ್ರಪಂಚದಲ್ಲಿ ನಾನು ಕಂಡುಕೊಂಡ ಜಾಗದ ಹೆಸರು 'ಬೀದರ ಬಿಟ್ಟವರ ಕಟ್ಟೆ'. ಒಬ್ಬ ಬರೆದಿಟ್ಟು ಹೋದದ್ದನ್ನು ಇನ್ನೊಬ್ಬ ಆಮೇಲೆ ಬಂದು ಓದಿ ಕೆಳಗೆ ತನ್ನದನ್ನು ಬರೆದಿಡುವ ಏರ್ಪಾಡು ಅದು. ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಕನ್ನಡ ಕುಟ್ಟುತ್ತಿದ್ದೆವು. ಅದನ್ನು ಕಟ್ಟಿದವನು ಗೋರಖನಾಥ, ಔರಾದ ತಾಲ್ಲೂಕಿನ ಚಿಂತಾಕಿಯವನು, ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಸ್ಟೋರ್ ಕೀಪರ್. ಕಟ್ಟೆಗೆ ಒಂದೇ ನಿಯಮ: ಪರದೇಶದಲ್ಲಿರುವವರಿಗೆ ಮಾತ್ರ ಪ್ರವೇಶ. ಊರಲ್ಲಿರುವವರನ್ನು ಒಳಗೆ ಬಿಟ್ಟರೆ ಮೊದಲ ದಿನವೇ ವೀಸಾ ಕೇಳುತ್ತಾರೆ ಎಂದು ಅವನೇ ಕಾರಣ ಬರೆದಿದ್ದ.

ನನಗೆ ವೀಸಾ ಬೇಕಿರಲಿಲ್ಲ, ಹರಟೆ ಬೇಕಿತ್ತು. ಅರ್ಜಿಯಲ್ಲಿ ಊರು ಕೇಳಿದಾಗ ಶಾಲೆಯ ಕ್ಯಾಲೆಂಡರಿನಲ್ಲಿ ಕುರಿಗಳ ಚಿತ್ರದ ಕೆಳಗಿದ್ದ ಹೆಸರು ನೆನಪಾಯಿತು: ಮೆಲ್ಬೋರ್ನ್. ನಮ್ಮದು ಕುರಿ ಕಾಯ್ದ ಮನೆತನ, ಆದ್ದರಿಂದ ಇದು ಪೂರ್ತಿ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪಂಢರಿ ಎಂಬ ಸ್ವಂತ ಹೆಸರು ಬಿಟ್ಟು ಅಜ್ಜನ ಹೆಸರು ಹಾಕಿ ಮೆಲ್ಬೋರ್ನ್ ಮಡೆಪ್ಪನಾದೆ.

ಕಟ್ಟೆಯಲ್ಲಿ ಹತ್ತಾರು ಜನ ಬಂದು ಹೋಗುತ್ತಿದ್ದರು. ನನಗೆ ಜೀವದ ಗೆಳೆಯನಾದವನು ಒಬ್ಬನೇ, ಟೊರಾಂಟೊ ಕಾಶೀನಾಥ. ಅಂಥ ಮೃದು ಹೃದಯದವನನ್ನು ನಾನು ಕಂಡಿಲ್ಲ. ಎಳ್ಳಮಾವಾಸ್ಯೆಯ ದಿನ 'ಭಜ್ಜಿ, ಅಂಬಲಿ ನೆನಸಿ ಕಣ್ಣಾಗ ನೀರು ಬರಲಕತ್ತದ' ಎಂದು ಅವನು ಬರೆದರೆ, ಅದೇ ಮಧ್ಯಾಹ್ನ ಹೊಲದಲ್ಲಿ ಹೊಟ್ಟೆ ಬಿರಿಯುವಷ್ಟು ಕಾಳು-ಸೊಪ್ಪಿನ ಭಜ್ಜಿ ತಿಂದು ಬಂದಿದ್ದ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಜುಲೈ ತಿಂಗಳಲ್ಲಿ ಅವನು 'ಇಲ್ಲಿ ಹಿಮ ಜೋರು ಅದ' ಎಂದು ಬರೆದ. 'ನಮ್ಮ ಕಡೀನೂ' ಎಂದು ನಾನು ಬರೆದೆ. ಪಕ್ಕದ ಪರದೆಯೊಳಗೆ ಮುಖ ಕಾಣದ ಯಾವನೋ ಒಬ್ಬ ನಾನು ಜೋಕು ಬರೆದಾಗಲೆಲ್ಲ ಗಹಗಹಿಸಿ ನಗುತ್ತಿದ್ದ. ಟೊರಾಂಟೊದವನ ಜೊತೆ ಮನಬಿಚ್ಚಿ ಮಾತಾಡಲು ಈ ಅವಿವೇಕಿ ಬಿಡುತ್ತಿಲ್ಲವಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ನನ್ನ ತಾಯಿ ತೀರಿಕೊಂಡಾಗ, 'ಅವ್ವ ಊರಾಗ ಹೋದಳು, ನಾ ಇಲ್ಲಿ ಇದ್ದೀನಿ' ಎಂದು ಬರೆದೆ. ಎರಡನೆಯ ಮಾತು ಸುಳ್ಳಾದರೂ ಅಳು ನಿಜ. ಟೊರಾಂಟೊ ಕಾಶೀನಾಥ ಮೂರು ಪುಟ ಉತ್ತರ ಬರೆದ. ಅವನ ಪಕ್ಕದ ಮನೆಯ ಮುದುಕಿಯೂ ಅದೇ ವಾರ ಹೋದಳಂತೆ, ಗೋಡೆ ಮೇಲಿಂದ ಅವನಿಗೆ ದಿನಾ ಮಜ್ಜಿಗೆ ಕೊಡುತ್ತಿದ್ದಳಂತೆ. ಬಿಳಿಯರ ಮುದುಕಿಯರೂ ಮಜ್ಜಿಗೆ ಕಡೆಯುತ್ತಾರೆಂದು ನನಗೆ ಅಂದೇ ತಿಳಿದದ್ದು. ನನ್ನ ಹೆಂಡತಿ ಸಿದ್ದೇಶ್ವರಿಯ ಎದುರೂ ನಾನು ಹಾಗೆ ಅತ್ತಿರಲಿಲ್ಲ.

ಇಷ್ಟು ಹೇಳಿ ನನ್ನ ಪಕ್ಕದ ಮನೆಯವನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಅವನ ಹೆಸರೂ ಕಾಶೀನಾಥ. ನಮ್ಮ ಕಡೆ ಕಾಶೀನಾಥರಿಗೇನು ಬರವೇ? ಕಾಲೇಜೊಂದರಲ್ಲಿ ಗುಮಾಸ್ತ, ಸಂತಪುರದವನು. ಎರಡು ಸಾವಿರದ ಎರಡರಲ್ಲಿ ಅವನ ಆಡು ನಮ್ಮ ಅಂಗಳಕ್ಕೆ ನುಗ್ಗಿ ಏಳನೆಯ ತರಗತಿಯ ನಲವತ್ತೊಂದು ಪರೀಕ್ಷೆ ಚಿತ್ರಗಳನ್ನು ತಿಂದಿತು. ಅಂದಿನಿಂದ ನಾವು ನೇರವಾಗಿ ಮಾತಾಡುವುದನ್ನು ಬಿಟ್ಟೆವು. ಹೇಳುವುದಿದ್ದರೆ ಮೂರನೆಯವರಿಗೆ 'ಅವರಿಗೆ ಹೇಳ್ರಿ' ಎನ್ನುತ್ತಿದ್ದೆವು.

ಮೂರು ವರ್ಷ ಸಹಿಸಿ, ಈ ದುಃಖವನ್ನೂ ನಾನು ಕಟ್ಟೆಯಲ್ಲಿ ತೋಡಿಕೊಂಡೆ. 'ಮೆಲ್ಬೋರ್ನಿನಾಗ ನನ್ನ ಪಕ್ಕದ ಮನಿ ಗೋರಾ ಬಲೇ ತ್ರಾಸ ಕೊಡ್ತಾನ' ಎಂದು, ಅವನನ್ನೇ ಬಿಳಿಯನನ್ನಾಗಿ ಮಾಡಿ ಬರೆದೆ. ಟೊರಾಂಟೊ ಕಾಶೀನಾಥ ಒಂದೇ ಸಾಲಿನಲ್ಲಿ ದಾರಿ ತೋರಿಸಿದ: 'ನಡುವಿನ ಗ್ವಾಡಿ ಎರಡು ಫೂಟು ಏರಸು.' ನಾನು ಏರಿಸಿದೆ. ವಾರದೊಳಗೆ ಅವನೂ ಬರೆದ: 'ನನ್ನ ಪಕ್ಕದ ಮನಿ ಗೋರಾ ಗಾಳಿ ಬರದಂಗ ಮಾಡ್ಯಾನ, ಏನ್ ಮಾಡ್ಲಿ?' ಗೆಳೆಯನಿಗೆ ಅನ್ಯಾಯವಾದರೆ ನಾನು ಸುಮ್ಮನಿರುವವನಲ್ಲ. 'ನಿನ್ನ ಮಾಳಿಗಿ ಟಾಕಿ ತುಂಬಿ ಹರಿಯೋ ಪೈಪು ಅವನ ಅಂಗಳದ ಕಡಿ ತಿರಗಸು' ಎಂದು ಬರೆದೆ. ಆ ತಿಂಗಳೇ ನಮ್ಮ ಕಾಶೀನಾಥನ ಪೈಪು ನಮ್ಮ ಅಂಗಳಕ್ಕೆ ತಿರುಗಿತು. ಕೆಟ್ಟ ಬುದ್ಧಿ ಜಗತ್ತಿನ ಎಲ್ಲ ಕಡೆ ಒಂದೇ ಸಲ ಹುಟ್ಟುತ್ತದೆ ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ಇಪ್ಪತ್ತೊಂದು ವರ್ಷದಿಂದ ನಮ್ಮ ಅಂಗಳ ಒಣಗಿಲ್ಲ.

ಎರಡು ಸಾವಿರದ ಐದರಲ್ಲಿ ಕಟ್ಟೆ ಇದ್ದ ಪುಕ್ಕಟೆ ಸೈಟು ಮುಚ್ಚಿಹೋಯಿತು. ರಸೂಲನೂ ಅಂಗಡಿ ಮುಚ್ಚಿ ಮೊಬೈಲ್ ರಿಪೇರಿಗೆ ಇಳಿದ. ಈ ಮೇ ತಿಂಗಳಲ್ಲಿ, ನಾನು ನಿವೃತ್ತನಾಗಿ ಕೂತಿದ್ದಾಗ, ಹಳೆಯ ಈಮೇಲಿಗೆ ಒಂದು ಪತ್ರ ಬಂತು.

'ಮಸ್ಕತ್ ಬಿಟ್ಟು ಕಾಯಂ ಊರಿಗಿ ಬರಲಕತ್ತೀನಿ. ಬರೋ ಐತವಾರ ಹೈದರಾಬಾದಿನಿಂದ ಬೀದರ ಗಾಡಿ, ಎಸ್-ಎರಡು ಡಬ್ಬಿ. ಟೊರಾಂಟೊ, ಮೆಲ್ಬೋರ್ನ್, ಶಿಕಾಗೊ, ಎಲ್ಲಾರೂ ಅದೇ ಡಬ್ಬಿಗಿ ಬರ್ರಿ. ಕೂಡೇ ಇಳಿಯೋಣ. ನಿಮ್ಮ ಗೋರಖನಾಥ.'

ಹೋಗದಿದ್ದರೆ ಟೊರಾಂಟೊ ಕಾಶೀನಾಥನನ್ನು ಈ ಜನ್ಮದಲ್ಲಿ ನೋಡುವುದಿಲ್ಲ. ಹೋದರೆ ಮೆಲ್ಬೋರ್ನ್ ಎಂಬುದು ನೌಬಾದ ಎಂದು ಅವನಿಗೆ ತಿಳಿಯುತ್ತದೆ, ಇದ್ದ ಒಬ್ಬ ಗೆಳೆಯನೂ ಹೋಗುತ್ತಾನೆ. ಉಪಾಯ ಒಂದೇ ಇತ್ತು. ಬೀದರಿಗಿಂತ ಮುಂಚಿನ ದೊಡ್ಡ ಸ್ಟೇಷನ್ನು ಜಹೀರಾಬಾದ್. ಬೆಳಗ್ಗೆ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಅದೇ ರೈಲು ಹತ್ತಿ, ಮೆಲ್ಬೋರ್ನಿನವನಾಗಿ ಬೀದರಿನಲ್ಲಿ ಇಳಿಯುವುದು.

ಅಷ್ಟರಲ್ಲಿ ಗೋರಖನಾಥನ ಪತ್ರ, ಬರುವವರ ಹೆಸರುಗಳ ಸಮೇತ, ಊರಿನ ಪತ್ರಿಕೆಯಲ್ಲೂ ಬಂತು. ನಮ್ಮ ಕಾಲೊನಿಯ ಅಧ್ಯಕ್ಷರು ಹಾವಗೆಪ್ಪನವರು, ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಸುಮ್ಮನೆ ಕೂರಲು ಬಾರದವರು. ಪಾರ್ಕಿನಲ್ಲಿ ಸಭೆ ಕರೆದರು.

"ಟೊರಾಂಟೊ ಮನಷ್ಯಾ ಅಂದ್ರ ಸಣ್ಣ ಮಾತಲ್ಲ. ಸ್ಟೇಷನ್ನಿಗಿ ಬ್ಯಾಂಡ್ ಒಯ್ಯೋಣ. ಮನಸ್ಸು ಖುಷಿ ಆಯ್ತಂದ್ರ ಪಾರ್ಕಿಗಿ ಒಂದು ಕಮಾನು ಹಾಕಸ್ತಾನ," ಎಂದರು. "ಕಾಶೀನಾಥಗ ಮಾಲಿ ನಮ್ಮ ಕಾಶೀನಾಥನೇ ಹಾಕಲಿ. ಪೇಪರಿನಾಗ ಫೋಟೊ ಛಂದ ಬರ್ತದ."

ನಮ್ಮ ಕಾಶೀನಾಥನ ಮುಖ ಸುಣ್ಣ ಬಳಿದಂತಾಯಿತು. "ನಾ ಬ್ಯಾಡ್ರಿ. ಐತವಾರ ನನಗ ಔರಾದ ಬಸ್ ಹಿಡಿಯೋದದ. ಸಂತಪುರದಾಗ ನಮ್ಮ ಅಕ್ಕಂದು ಕಾಲು ಉಳಕ್ಯದ."

"ಮಾಲಿ ಹಾಕಿ ಆಮ್ಯಾಲ ಹೋಗ್ರಿ. ಕಾಲು ಎಲ್ಲಿ ಹೋಗ್ತದ?"

ನನಗೆ ತಡೆಯಲಾಗಲಿಲ್ಲ. ನನ್ನ ಗೆಳೆಯನ ಕೊರಳಿಗೆ ಈ ಪೈಪಿನ ಮನುಷ್ಯನ ಕೈ ತಾಗುವುದೆಂದರೇನು? "ಅವರಿಗೆ ಹೇಳ್ರಿ, ಅಂಥಾ ಮನಷ್ಯಾಗ ಮಾಲಿ ಹಾಕಲಿಕ್ಕ ಕೈ ಸ್ವಚ್ಛ ಇರಬೇಕಂತ."

"ಅವರಿಗೂ ಹೇಳ್ರಿ," ಎಂದ ಕಾಶೀನಾಥ, "ನಮ್ಮ ಮನ್ಯಾಗ ಕೈ ತೊಳಕೊಳ್ಳಲಿಕ್ಕ ನೀರಿಗೇನು ಕಮ್ಮಿ ಇಲ್ಲಂತ."

ಆ ನೀರು ಎಲ್ಲಿ ಹರಿಯುತ್ತದೆಂದು ಇಡೀ ಕಾಲೊನಿಗೆ ಗೊತ್ತಿದ್ದುದರಿಂದ ಸಭೆ ನಕ್ಕಿತು. ಹಾವಗೆಪ್ಪನವರು ನ್ಯಾಯ ಸಮ ಮಾಡಲು, ಮೆಲ್ಬೋರ್ನ್ ಮಡೆಪ್ಪನಿಗೆ ಮಾಲೆ ಹಾಕುವ ಕೆಲಸವನ್ನು ನನಗೆ ವಹಿಸಿದರು. ನಾನು ಭಾಲ್ಕಿಯಲ್ಲಿ ಬೀಗರ ಮನೆಯ ಕಾರ್ಯಕ್ರಮವಿದೆ ಎಂದೆ. ಯಾರೂ ಕೇಳಲಿಲ್ಲ.

ಮರುದಿನ ಪೊಲೀಸ್ ಪೇದೆಯೊಬ್ಬ ಕಾಗದ ಹಿಡಿದು ಬಂದ. ಕಾಲೊನಿಗೆ ಪರದೇಶದವರು ಬರುತ್ತಾರೆಂದು ಸುದ್ದಿ ಹೋಗಿತ್ತು. ಮೊದಲು ಕಾಶೀನಾಥನ ಮನೆಯ ಜಗಲಿಯ ಮೇಲೆ ಕೂತು ಕೇಳಿದ, ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ.

"ಟೊರಾಂಟೊದವರು ಎಷ್ಟು ದಿನಾ ಉಳೀತಾರ್ರಿ?"

"ಅವ ಇಲ್ಲೇ ಉಳೀತಾನ ಅಂತ ಕಾಣಸ್ತದ್ರಿ," ಎಂದ ಕಾಶೀನಾಥ.

ಆಮೇಲೆ ಪೇದೆ ನಮ್ಮ ಮನೆಗೆ ಬಂದ. "ಮೆಲ್ಬೋರ್ನಿನವರ ಊಟದ ವ್ಯವಸ್ಥಾ?"

"ನಮ್ಮಂಗೇ ರೊಟ್ಟಿ ತಿಂತಾನ್ರಿ," ಎಂದೆ.

ಪೇದೆ ಎರಡೂ ಮನೆಯ ಅವಲಕ್ಕಿ ಚೂಡಾ ತಿಂದು, 'ಅನುಮಾನದ ಸಂಗತಿ ಏನೂ ಇಲ್ಲ' ಎಂದು ಬರೆದುಕೊಂಡು ಹೋದ. ಅನುಮಾನವೆಲ್ಲ ನನ್ನ ಹೆಂಡತಿಗೇ ಇತ್ತು. ಭಾನುವಾರ ಬೆಳಗ್ಗೆ ಸೂಟ್‌ಕೇಸು ಹಿಡಿದು ಹೊರಟಾಗ ಅಡ್ಡ ನಿಂತಳು.

"ಭಾಲ್ಕಿಗಿ ಹೋಗಲಿಕ್ಕ ಕೋಟು ಯಾಕ ಹಾಕ್ಕೊಂಡೀರಿ? ಹೊರಗ ಬಿಸಲು ನೋಡೀರೇನು?"

"ಅಲ್ಲಿ ತಂಪದ."

"ಭಾಲ್ಕಿದಾಗ?"

ನಾನು ಆಟೊ ಹತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಜಹೀರಾಬಾದ್ ಬಸ್ಸು ಹೊರಡಲು ನಿಂತಿತ್ತು. ಒಳಗೆ ಹೋದರೆ ಮೂರನೆಯ ಸಾಲಿನಲ್ಲಿ ಕಾಶೀನಾಥ. ಹೊಸ ಸೂಟ್‌ಕೇಸು, ತಲೆಗೆ ಉಣ್ಣೆಯ ಟೊಪ್ಪಿಗೆ, ಮುಖದ ತುಂಬ ಬೆವರು. ಇದ್ದ ಒಂದೇ ಖಾಲಿ ಸೀಟು ಅವನ ಹಿಂದಿನದು. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಟಿಕೀಟಿಗೆ ಬಂದ.

"ಅವರಿಗೆ ಕೇಳ್ರಿ," ಎಂದೆ ನಾನು ಕಂಡಕ್ಟರನಿಗೆ, "ಔರಾದ ಈ ಹಾದ್ಯಾಗ ಯಾವಾಗ ಬಂತು ಅಂತ."

"ಅವರಿಗೆ ಹೇಳ್ರಿ," ಎಂದ ಕಾಶೀನಾಥ ಹಿಂದೆ ತಿರುಗದೆ, "ಭಾಲ್ಕಿ ಬಂದ ದಿನಾನೇ ಬಂತು ಅಂತ."

"ಇದು ಔರಾದಕ್ಕೂ ಹೋಗಲ್ಲ, ಭಾಲ್ಕಿಗೂ ಹೋಗಲ್ಲ," ಎಂದ ಕಂಡಕ್ಟರ್. "ಇಬ್ಬರೂ ಇಳೀರಿ."

ಇಬ್ಬರೂ ಒಂದೇ ಬಾಯಲ್ಲಿ ಜಹೀರಾಬಾದ್ ಎಂದೆವು. ಅವನು ನನ್ನನ್ನು ಹಿಂಬಾಲಿಸುತ್ತಿದ್ದಾನೆಂದು ನಾನು ತಿಳಿದೆ. ಅವನೂ ಅದನ್ನೇ ತಿಳಿದನೆಂದು ಆಮೇಲೆ ಹೇಳಿದ. ಮಾಲೆ ಹಾಕಬೇಕಿದ್ದ ನಾವಿಬ್ಬರೂ ಕಾಣೆಯಾದೆವೆಂದು ಅತ್ತ ಹಾವಗೆಪ್ಪನವರು ನಮ್ಮ ಬದಲು ನಮ್ಮಿಬ್ಬರ ಹೆಂಡಂದಿರನ್ನು ಸ್ಟೇಷನ್ನಿಗೆ ಹೊರಡಿಸಿದ್ದರು.

ಜಹೀರಾಬಾದ್ ಪ್ಲಾಟ್‌ಫಾರ್ಮಿನಲ್ಲಿ ಇನ್ನೊಬ್ಬ ನಿಂತಿದ್ದ, ಆ ಬಿಸಿಲಿನಲ್ಲಿ ಕೊರಳಿಗೆ ಮಫ್ಲರ್ ಸುತ್ತಿಕೊಂಡು. ರೈಲು ಬಂದಾಗ ಮೂವರೂ ಎಸ್-ಎರಡರ ಬಾಗಿಲಿಗೇ ಓಡಿದೆವು. ಒಳಗೆ ಕಿಟಕಿಯ ಹತ್ತಿರ ಬಿಳಿಗಡ್ಡದ ಮನುಷ್ಯನೊಬ್ಬ ಮಡಿಲಲ್ಲಿ ದಪ್ಪ ಫೈಲು ಇಟ್ಟುಕೊಂಡು ಕೂತಿದ್ದ. ಎದುರಿಗೆ ಭಾಲ್ಕಿಗೆ ಹೊರಟಿದ್ದ ಜನಾಬಾಯಿ ಎಂಬ ಮುದುಕಿ, ಮಾವಿನಕಾಯಿ ಬುಟ್ಟಿಯೊಂದಿಗೆ. ಹೈದರಾಬಾದಿನಿಂದ ಬರುವಷ್ಟರಲ್ಲಿ ಗಡ್ಡದವನ ಕಥೆಯೆಲ್ಲ ಆಕೆಗೆ ಗೊತ್ತಾಗಿತ್ತು.

ಗಡ್ಡದವನು ನಮ್ಮ ಸೂಟ್‌ಕೇಸುಗಳನ್ನು, ಆಮೇಲೆ ನಮ್ಮ ಬೆವರನ್ನು ನೋಡಿದ. "ನಾನು ಗೋರಖನಾಥ," ಎಂದ. "ಹಾಜರಿ ಕರೀತೀನಿ. ಶಿಕಾಗೊ ಗಫೂರ?"

"ಹಾಜರ್," ಎಂದ ಮಫ್ಲರಿನವನು.

"ಶಿಕಾಗೊದಿಂದ ಯಾವಾಗ ಹೊಂಟ್ರಿ ಭಾಯಿ?"

ಅವನ ಹೆಸರು ಅಬ್ದುಲ ಗಫೂರ. ಸುಳ್ಳು ಹೇಳುವುದಕ್ಕೆ ಬಾಯಿ ತೆರೆದ, ಮಫ್ಲರ್ ಬಿಚ್ಚಿ ಮುಖ ಒರೆಸಿಕೊಂಡ, ಸೋತ. "ಮುಂಜಾನಿ ಆರಕ್ಕ ಹೊಂಟೀನ್ರಿ. ಭಾಲ್ಕಿಯಿಂದ. ಟೇಲರ್ ಕೆಲಸ ನಂದು. ಮಾಫ್ ಮಾಡ್ರಿ."

ಗೋರಖನಾಥ ಪೆನ್ನಿನಿಂದ ಒಂದು ಗುರುತು ಹಾಕಿದ. "ಟೊರಾಂಟೊ ಕಾಶೀನಾಥ?"

ನಾನು ಆಸೆಯಿಂದ ಬಾಗಿಲ ಕಡೆ ನೋಡಿದೆ. ಎದ್ದು ನಿಂತವನು ನನ್ನ ಮಗ್ಗುಲಲ್ಲಿದ್ದ ಪೈಪಿನ ಕಾಶೀನಾಥ.

"ಅವರಿಗೆ ಹೇಳ್ರಿ," ಎಂದೆ ಗಫೂರನಿಗೆ, "ಕರದದ್ದು ಟೊರಾಂಟೊ ಕಾಶೀನಾಥಗಂತ."

"ಅವರಿಗೆ ಹೇಳ್ರಿ," ಎಂದ ಕಾಶೀನಾಥ ನೆಲ ನೋಡುತ್ತ, "ಅವ ನಾನೇ ಅಂತ."

ರೈಲು ಹೊರಟಿತ್ತು, ಇಳಿಯುವ ಹಾಗಿರಲಿಲ್ಲ. ಗೋರಖನಾಥ "ಮೆಲ್ಬೋರ್ನ್ ಮಡೆಪ್ಪ?" ಎಂದ. ನಾನು ಸುಮ್ಮನಿದ್ದರೆ ಮಡೆಪ್ಪ ಬರಲಿಲ್ಲವೆಂದಾಗುತ್ತಿತ್ತು, ನಾನು ಪಂಢರಿ ಮಾಸ್ತರನಾಗಿಯೇ ಇಳಿದು ಮನೆಗೆ ಹೋಗಬಹುದಿತ್ತು. ಕಾಶೀನಾಥ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದ, ಒಂದು ಕ್ಷಣದ ಹಿಂದೆ ನಾನು ನೋಡಿದ ಹಾಗೆಯೇ. ಅವನು ಕಾಯುತ್ತಿದ್ದದ್ದು ನನ್ನನ್ನು. ನನ್ನ ಕೈ ತಾನಾಗಿ ಮೇಲೆದ್ದಿತು.

"ಹಾಜರಿದ್ದೀನ್ರಿ," ಎಂದೆ.

ಗೋರಖನಾಥನಿಗೆ ನಗು ತಡೆಯಲಾಗಲಿಲ್ಲ. "ನನಗ ಮೊದಲನೇ ವರ್ಷಾನೇ ಗೊತ್ತಾಗಿತ್ತು. ಟೊರಾಂಟೊ ಲೈನ್ ಕಟ್ ಆದ್ರ ಮೆಲ್ಬೋರ್ನಿಂದೂ ಅದೇ ಮಿನೀಟಿಗಿ ಕಟ್. ಬರೋವಾಗೂ ಇಬ್ಬರೂ ಕೂಡೇ ಬರ್ತಿದ್ರಿ. ಜುಲೈದಾಗ ಹಿಮ ಬ್ಯಾರೇ. ಒಂದೇ ಅಂಗಡಿಯಾಗ ಕುಂತು ಬರೀಲಕತ್ತಾರ ಅಂತ ತಿಳದೆ. ಇಬ್ಬರೂ ದೋಸ್ತರು ಇರಬೇಕು ಅಂದ್ಕೊಂಡಿದ್ದೆ."

"ದೋಸ್ತರಲ್ರಿ," ಎಂದ ಕಾಶೀನಾಥ. "ಬಾಜೂ ಮನಿಯವ್ರು."

ಆ ಮಾತಿಗೆ ಗೋರಖನಾಥ ಫೈಲು ಬಿಚ್ಚಿದ. ಕಟ್ಟೆಯ ಬರಹಗಳನ್ನೆಲ್ಲ ಅವನು ಅಚ್ಚು ತೆಗೆದಿಟ್ಟುಕೊಂಡಿದ್ದ. ಮೆಲ್ಬೋರ್ನಿನ ಗೋರಾ, ಗೋಡೆ ಏರಿಸುವ ಸಲಹೆ, ಟೊರಾಂಟೊದ ಗೋರಾ, ಪೈಪು ತಿರುಗಿಸುವ ಸಲಹೆ, ಎಲ್ಲವನ್ನೂ ತಾರೀಖಿನ ಸಮೇತ ಡಬ್ಬಿಗೆಲ್ಲ ಕೇಳುವಂತೆ ಓದಿದ. ಜನಾಬಾಯಿ ತಡೆದು ಕೇಳಿದಳು.

"ಅಂದ್ರ ಇಂವನ ಅಂಗಳಕ್ಕ ನೀರು ಬಿಡಂತ ಇಂವನೇ ಹೇಳ್ಯಾನೇನು?"

"ಹೌದವ್ವಾ."

"ಅವಗ ಗಾಳಿ ಬರಲಾರದಂಗ ಗ್ವಾಡಿ ಕಟ್ಟಂತ ಅವನೇ ಹೇಳ್ಯಾನ?"

"ಹೌದವ್ವಾ."

"ಇವರಿಗಿ ಸಾಲಿ ಕಲಿಸ್ದವ್ರು ಯಾರು?" ಎಂದಳು ಜನಾಬಾಯಿ. ನಾನೇ ಮಾಸ್ತರನೆಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಡಬ್ಬಿಯೆಲ್ಲ ನಗುತ್ತಿತ್ತು, ಟಿಕೀಟು ನೋಡಲು ಬಂದವನು ಟಿಕೀಟು ಕೇಳುವುದನ್ನು ಮರೆತು ನಿಂತಿದ್ದ.

ನನಗೆ ಬೇರೊಂದು ನೆನಪಾಗಿತ್ತು. ಕಾಶೀನಾಥನ ಕಡೆ ತಿರುಗಿದೆ. ಗಫೂರನ ಮುಖಾಂತರ ಕೇಳುವಂಥ ಮಾತಲ್ಲ ಅದು.

"ಆ ಮಜ್ಜಿಗಿ ಕೊಡೋ ಮುದುಕಿ?"

"ನಿಮ್ಮ ಅವ್ವನೇ," ಎಂದ ಕಾಶೀನಾಥ. "ನಿನಗ ಗೊತ್ತಾಗಲಾರದಂಗ ಗ್ವಾಡಿ ಮ್ಯಾಲಿಂದ ಕೊಡತಿದ್ದಳು. ಅವಳು ಹೋದಾಗ ನಿಮ್ಮ ಮನಿಗಿ ಬರಲಿಕ್ಕ ನನಗ ಮಾರಿ ಇರಲಿಲ್ಲ. ಅಲ್ಲಿ ಕುಂತು ಬರದೆ."

ಇಪ್ಪತ್ತನಾಲ್ಕು ವರ್ಷದ ನಂತರ ಅವನು ನನ್ನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವ್ವನಿಗಾಗಿ ಆ ಮೂರು ಪುಟ ಅತ್ತವನು ನಮ್ಮ ಗೋಡೆಯ ಆಚೆಯೇ ಇದ್ದ. ನನಗೆ ಅಳು ಬಂತು, ನಾಚಿಕೆಯೂ ಆಯಿತು, ಅವನ ಉಣ್ಣೆಯ ಟೊಪ್ಪಿಗೆಯನ್ನು ಕಿತ್ತು ಅದರಲ್ಲೇ ಕಣ್ಣೊರೆಸಿಕೊಂಡೆ.

"ಗೊತ್ತಿದ್ದೂ ನಮಗ ಯಾಕ ಹೊರಗ ಹಾಕಲಿಲ್ರಿ?" ಎಂದು ಗಫೂರ ಗೋರಖನಾಥನನ್ನು ಕೇಳಿದ.

"ಮಸ್ಕತ್ತಿನಾಗ ಒಂದು ಖೋಲಿದಾಗ ಹನ್ನೆರಡು ಮಂದಿ ಇದ್ದೆವು, ನಮ್ಮ ಕಡೀಯವ ಒಬ್ಬನೂ ಇರಲಿಲ್ಲ," ಎಂದ ಗೋರಖನಾಥ. "ಖರೇ ಪರದೇಶದವರು ನಾಕು ದಿನಾ ಬರದು ಬಿಟ್ಟರು. ನೀವು ಬಿಡಲಿಲ್ಲ. ಎಳ್ಳಮಾಸಿ ಭಜ್ಜಿ ಸುದ್ದಿ ಅದೇ ದಿನಾ ಬಿಸಿ ಬಿಸಿ ಬರ್ತಿತ್ತು. ನೀವು ಟೊರಾಂಟೊದಾಗ ಇದ್ದಿದ್ರ ನನಗ ಬೀದರ ಎಲ್ಲಿಂದ ಸಿಗತಿತ್ತು? ಮ್ಯಾಲ ಒಬ್ಬನೂ ವೀಸಾ ಕೇಳಲಿಲ್ಲ."

ಬೀದರ ಸ್ಟೇಷನ್ನಿನಲ್ಲಿ ಬ್ಯಾಂಡು ಶುರುವಾಗಿಯೇ ಇತ್ತು. ಬಾಗಿಲಲ್ಲಿ ನಾವು ಕಾಣಿಸಿದಾಗ ಹಾವಗೆಪ್ಪನವರು ಕೈಯೆತ್ತಿ ನಿಲ್ಲಿಸಿದರು.

"ಕಾಶೀನಾಥ, ನೀವು ಔರಾದಕ್ಕ ಹೋಗಿದ್ರಿ. ಆ ಟೊರಾಂಟೊದವ ಎಲ್ಲಿ?"

"ಅವನೂ ನಾನೇ ರೀ."

"ಮೆಲ್ಬೋರ್ನ್?"

ನಾನು ಸೂಟ್‌ಕೇಸು ಎತ್ತಿ ತೋರಿಸಿದೆ. ಕಾಶೀನಾಥನ ಹೆಂಡತಿ ಸುಂದರಬಾಯಿ ಕೈಯಲ್ಲಿ ಮಾಲೆ ಹಿಡಿದು ಮುಂದೆ ಬಂದಳು. "ನಾಕು ವರ್ಷ ಸಂಜಿಮುಂದ ಭಜನಿಗಿ ಹೋಗ್ತೀನಿ ಅಂತ ಹೋದದ್ದು ಟೊರಾಂಟೊಕ್ಕೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಂಡನ ಕೊರಳಿಗೆ ಮಾಲೆ ಹಾಕಿದಳು. ಸಿದ್ದೇಶ್ವರಿ ನನಗೆ ಹಾಕುತ್ತ, "ಕೋಟು ತಗೀರಿ, ಭಾಲ್ಕಿ ದಾಟಿ ಬಂದೀರಿ," ಎಂದಳು. ಹಾವಗೆಪ್ಪನವರು ಸ್ವಲ್ಪ ಹೊತ್ತು ಕಮಾನಿನ ದುಃಖದಲ್ಲಿದ್ದು, ಆಮೇಲೆ ಬಂದವರು ಬಂದಂತೆಯೇ ಲೆಕ್ಕ ಎಂದು ತೀರ್ಮಾನಿಸಿ ಬ್ಯಾಂಡಿನವರಿಗೆ ಮುಂದುವರಿಸಲು ಹೇಳಿದರು. ನಾಲ್ವರನ್ನೂ ಮೆರವಣಿಗೆಯಲ್ಲಿ ನೌಬಾದಕ್ಕೆ ಕರೆತಂದರು.

ಸಂಜೆ ಗೋರಖನಾಥ, ಗಫೂರ ನಮ್ಮ ಅಂಗಳದಲ್ಲಿ, ನೀರಿಲ್ಲದ ಒಂದು ಮೂಲೆ ಹುಡುಕಿ, ಚಹಾ ಕುಡಿಯುತ್ತಿದ್ದರು. ಗೋರಖನಾಥ ಮರುದಿನ ಚಿಂತಾಕಿಗೆ ಹೊರಡುವವನಿದ್ದ. ನಾನು ಸುತ್ತಿಗೆ ಹಿಡಿದು ಗೋಡೆಯ ಮೇಲಿನ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಕಾಶೀನಾಥ ಬನಿಯನ್ನಿನಲ್ಲಿ ಮಾಳಿಗೆ ಹತ್ತಿ ಪೈಪಿನೊಂದಿಗೆ ಗುದ್ದಾಡುತ್ತಿದ್ದ. ಆರು ಗಂಟೆಯಾದರೂ ನೆಲ ಸುಡುತ್ತಿತ್ತು. ಪೈಪು ತಿರುಗಿತು, ಇಪ್ಪತ್ತೊಂದು ವರ್ಷದ ನೀರು ನಿಂತಿತು. ಅವನು ಕೆಳಗಿಳಿದು ಬಂದು, ಮೊಣಕೈ ಊರುವಷ್ಟು ಇಳಿದಿದ್ದ ಗೋಡೆಯ ಮೇಲೆ ಮೊಣಕೈ ಊರಿದ. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಇಲ್ಲಿ ಹಿಮ ಜೋರು ಅದ," ಎಂದ.

"ನಮ್ಮ ಕಡೀನೂ," ಎಂದೆ.